ಎಕ್ಸೆಪ್ಶನ್ ಬಂದಾಗ ಎಐ ಏಜೆಂಟ್‌ಗೆ ಏನು ಕಾಣಬೇಕು?

ಕೋಡ್ ಬರೆಯುವ ಎಐ ಏಜೆಂಟ್‌ಗೆ ಎಕ್ಸೆಪ್ಶನ್ (ಪ್ರೋಗ್ರಾಂ ಓಡುವಾಗ ಬರುವ ಎರರ್) ಎದುರಾದಾಗ ಸಾಮಾನ್ಯವಾಗಿ ಸಿಗುವುದು ಟ್ರೇಸ್‌ಬ್ಯಾಕ್ ಮಾತ್ರ. ಯಾವ ಫೈಲು, ಎಷ್ಟನೇ ಸಾಲು, ಎಂಥ ಎರರ್, ಅಷ್ಟೇ. ಆಗ ವೇರಿಯಬಲ್‌ಗಳಲ್ಲಿ ಏನಿತ್ತು ಅನ್ನೋದು ಅದಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ಊಹಿಸುತ್ತದೆ. ಒಂದು ಪ್ರಿಂಟ್ ಹಾಕಿ ಓಡಿಸುತ್ತದೆ, ಇನ್ನೊಂದು ಹಾಕಿ ಮತ್ತೆ ಓಡಿಸುತ್ತದೆ. ಎಷ್ಟೋ ಸಲ ಕೊನೆಗೆ ಆ ಸಾಲಿಗೇ ಎರರನ್ನು ಹಿಡಿದು ನುಂಗುವ ಟ್ರೈ-ಎಕ್ಸೆಪ್ಟ್ ಸುತ್ತಿ ‘ಸರಿಯಾಯಿತು’ ಎನ್ನುತ್ತದೆ. ಎರರ್ ಹೋಗಿರುತ್ತದೆ, ಬಗ್ ಅಲ್ಲೇ ಇರುತ್ತದೆ.

ಒಂದು ಉದಾಹರಣೆ ನೋಡೋಣ. ಪೈಥಾನ್ ಪ್ರೋಗ್ರಾಂ ಒಂದು ಸಿಎಸ್‌ವಿ ಫೈಲನ್ನು ಡಿಕ್ಟ್‌ರೀಡರ್‌ನಿಂದ ಓದುತ್ತಿದೆ. ಅದು ಕಾಲಂಗಳ ಹೆಸರನ್ನೇ ಕೀಗಳಾಗಿ ಮಾಡಿ ಪ್ರತಿ ಸಾಲನ್ನೂ ಕೊಡುತ್ತದೆ. ಮೊದಲ ಕಾಲಂನ ಹೆಸರು ‘ಐಡಿ’. ಆದರೂ ‘ಐಡಿ’ ಎಂಬ ಕೀ ಇಲ್ಲ ಅಂತ ಕೀಎರರ್ ಬರುತ್ತಿದೆ. ಫೈಲ್ ತೆಗೆದು ನೋಡಿದರೆ ಕಾಲಂ ಕಣ್ಣೆದುರೇ ಇದೆ. ಟ್ರೇಸ್‌ಬ್ಯಾಕ್ ಮಾತ್ರ ನೋಡಿದ ಏಜೆಂಟ್, ಕೀ ಇಲ್ಲದಿದ್ದರೆ ‘ನನ್’ (None, ಅಂದರೆ ಏನೂ ಇಲ್ಲ) ಕೊಡುವ ಗೆಟ್ ಮೆಥಡ್ ಹಾಕಿಬಿಡಬಹುದು. ಆಮೇಲೆ ಪ್ರತಿ ಸಾಲಿನ ಐಡಿಯೂ ಖಾಲಿ, ಎರರ್ ಮಾತ್ರ ಇಲ್ಲ. ಮೊದಲಿಗಿಂತ ಇದೇ ಕೆಟ್ಟದ್ದು, ಅಲ್ವಾ?

ಅದೇ ಏಜೆಂಟ್‌ಗೆ ಆ ಫ್ರೇಮ್‌ನ, ಅಂದರೆ ಆಗ ಓಡುತ್ತಿದ್ದ ಫಂಕ್ಷನ್‌ನ, ವೇರಿಯಬಲ್‌ಗಳನ್ನು ತೋರಿಸಿ. ಕೀಗಳ ಪಟ್ಟಿಯಲ್ಲಿ ‘ಐಡಿ’ಯ ಮುಂದೆ ಬಿಒಎಂ (ಬೈಟ್ ಆರ್ಡರ್ ಮಾರ್ಕ್) ಎಂಬ ಕಾಣದ ಅಕ್ಷರ ಅಂಟಿಕೊಂಡಿರುವುದು ಕಾಣುತ್ತದೆ. ಕೆಲವು ಸಾಫ್ಟ್‌ವೇರ್‌ಗಳು ಯುಟಿಎಫ್-8 ಫೈಲಿನ ಶುರುವಿನಲ್ಲಿ ಇದನ್ನು ಸೇರಿಸುತ್ತವೆ. ಸುಮ್ನೆ ಪ್ರಿಂಟ್ ಮಾಡಿದರೆ ಕಣ್ಣಿಗೆ ಬೀಳದು, ಅಡಗಿದ ಅಕ್ಷರಗಳನ್ನೂ ಕೋಡ್ ಆಗಿ ತೋರಿಸುವ ರೆಪ್ರ್ (repr) ರೂಪದಲ್ಲಿ ತೋರಿಸಿದರೆ ಎದ್ದು ಕಾಣುತ್ತದೆ. ಫೈಲ್ ತೆರೆಯುವಾಗ ಎನ್‌ಕೋಡಿಂಗ್ ‘ಯುಟಿಎಫ್-8-ಸಿಗ್’ ಎಂದು ಕೊಟ್ಟರೆ ಮುಗಿಯಿತು. ಎರರ್ ಬಂದದ್ದು ಒಂದು ಕಡೆ, ರಿಪೇರಿ ಬೇಕಾದದ್ದು ಇನ್ನೊಂದು ಕಡೆ.

ಇದಕ್ಕೆ ಮೊದಲೇ ಬ್ರೇಕ್‌ಪಾಯಿಂಟ್ (ಪ್ರೋಗ್ರಾಂ ನಿಲ್ಲಬೇಕಾದ ಜಾಗದ ಗುರುತು) ಇಡಬೇಕಾಗಿಲ್ಲ. ಪೈಥಾನ್‌ನಲ್ಲಿ ಟ್ರೇಸ್‌ಬ್ಯಾಕ್ ಆಬ್ಜೆಕ್ಟ್ ಇರುವ ತನಕ ಅದರ ಫ್ರೇಮ್‌ಗಳೂ ವೇರಿಯಬಲ್‌ಗಳೂ ಉಳಿದಿರುತ್ತವೆ. ಪೈಥಾನ್‌ನದೇ ಡಿಬಗರ್ ಆದ ಪಿಡಿಬಿಯಲ್ಲಿ, ಎರರ್ ಬಂದ ಮೇಲೆ ಪರೀಕ್ಷಿಸುವ ಪೋಸ್ಟ್‌ಮಾರ್ಟಂ ಸೌಲಭ್ಯ ಕೆಲಸ ಮಾಡುವುದೇ ಹೀಗೆ. ಆದರೆ ಪಿಡಿಬಿ ಮನುಷ್ಯರಿಗಾಗಿ ಮಾಡಿದ್ದು. ಪ್ರಾಂಪ್ಟ್ ಕೊಟ್ಟು ಕಾಯುತ್ತಾ ಕೂರುತ್ತದೆ, ಏಜೆಂಟ್ ಓಡಿಸಿದ ಕಮಾಂಡ್ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಏಜೆಂಟ್‌ಗೆ ಬೇಕಾದದ್ದು ಒಂದು ಪ್ರಶ್ನೆಗೆ ಒಂದು ಉತ್ತರ: ಈ ಎಕ್ಸೆಪ್ಶನ್‌ನ ಮೂರನೇ ಫ್ರೇಮ್ ತೋರಿಸು, ಈ ವೇರಿಯಬಲ್‌ನ ಒಳಗೇನಿದೆ ಹೇಳು. ಎಡಿಟರ್‌ಗಳಿಗಾಗಿ ಮೈಕ್ರೋಸಾಫ್ಟ್ ರೂಪಿಸಿದ ಡಿಬಗ್ ಅಡಾಪ್ಟರ್ ಪ್ರೋಟೋಕಾಲ್‌ನಲ್ಲಿ ಇಂಥ ಕೋರಿಕೆಗಳು ಈಗಾಗಲೇ ಇವೆ. ಆಂಥ್ರೋಪಿಕ್ 2024ರ ನವೆಂಬರ್‌ನಲ್ಲಿ ಬಿಡುಗಡೆ ಮಾಡಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ (ಎಐಗೆ ಹೊರಗಿನ ಟೂಲ್‌ಗಳನ್ನು ಜೋಡಿಸುವ ವಿಧಾನ) ಮೂಲಕ ಅವನ್ನು ಏಜೆಂಟ್‌ಗೆ ಜೋಡಿಸಬಹುದು.

ಹೀಗೆ ಏಜೆಂಟ್‌ಗೆ ಉತ್ತರ ಕೊಡುವ ಟೂಲ್ ತೋರಿಸಲೇಬೇಕಾದ ಇನ್ನೊಂದು ವಿಷಯ ಎಕ್ಸೆಪ್ಶನ್‌ಗಳ ಸರಪಳಿ, ಅಂದರೆ ಒಂದು ಎಕ್ಸೆಪ್ಶನ್‌ನಿಂದ ಹುಟ್ಟಿದ ಇನ್ನೊಂದು. ಡೇಟಾಬೇಸ್ ಎರರನ್ನು ಹಿಡಿದು ‘ಆರ್ಡರ್ ಸೇವ್ ಆಗಲಿಲ್ಲ’ ಎಂಬ ಹೊಸ ಎಕ್ಸೆಪ್ಶನ್ ಎಸೆಯುವ ಕೋಡ್ ಎಲ್ಲ ಕಡೆ ಇದೆ. ಅದನ್ನು ‘ಫ್ರಮ್ ನನ್’ (from None) ಎಂದು ಎಸೆದಿದ್ದರೆ ಟ್ರೇಸ್‌ಬ್ಯಾಕ್‌ನಲ್ಲಿ ಮೂಲ ಎರರ್ ಕಾಣುವುದೇ ಇಲ್ಲ. ಆದರೆ ಅದು ಅಳಿಸಿಹೋಗಿರುವುದಿಲ್ಲ, ಹೊಸ ಎಕ್ಸೆಪ್ಶನ್‌ನ ಕಾಂಟೆಕ್ಸ್ಟ್ (__context__) ಆಟ್ರಿಬ್ಯೂಟ್‌ನಲ್ಲಿ ಹಾಗೇ ಇರುತ್ತದೆ. ಒಳ್ಳೆಯ ಟೂಲ್ ಅದನ್ನು ಕೇಳದೆಯೇ ಮುಂದಿಡಬೇಕು.

ಇಷ್ಟೆಲ್ಲ ತೋರಿಸುವಾಗ ಹುಷಾರಾಗಿರಬೇಕಾದ ಜಾಗಗಳೂ ಇವೆ. ವೇರಿಯಬಲ್ ತೋರಿಸಿದರೆ ಏನೂ ಆಗಲ್ಲ ಅಂತ ತುಂಬಾ ಜನ ನಂಬಿದ್ದಾರೆ. ಅದು ಸರಿಯಲ್ಲ. ವೆಬ್ ಫ್ರೇಮ್‌ವರ್ಕ್ ಆದ ಜ್ಯಾಂಗೋದಲ್ಲಿ ಡೇಟಾಬೇಸ್ ಪ್ರಶ್ನೆಯನ್ನು ಹಿಡಿದಿಡುವ ಕ್ವೆರಿಸೆಟ್‌ನ ರೆಪ್ರ್ ಕೇಳಿದರೆ ಸಾಕು, ಡೇಟಾಬೇಸ್‌ಗೆ ಕ್ವೆರಿ ಹೋಗಿಬಿಡಬಹುದು. ಪ್ರಾಪರ್ಟಿ ಓದಿದರೂ ಅದರ ಹಿಂದಿನ ಕೋಡ್ ಓಡುತ್ತದೆ. ಆದ್ದರಿಂದ ಬರೀ ಓದುವ ಕೆಲಸ ಬೇರೆ, ಎಕ್ಸ್‌ಪ್ರೆಶನ್ ಓಡಿಸುವ ಕೆಲಸ ಬೇರೆ ಎಂದು ಟೂಲ್ ವಿಂಗಡಿಸಬೇಕು. ಎರಡನೆಯದಕ್ಕೆ ಅನುಮತಿಯೂ ಟೈಮ್‌ಔಟೂ ಬೇಕು.

ಗಾತ್ರದ್ದೂ ಒಂದು ಸಮಸ್ಯೆ. ಲಕ್ಷ ಸಾಲಿನ ಲಿಸ್ಟನ್ನು ಪೂರ್ತಿ ಕಳಿಸಿದರೆ ಮಾಡೆಲ್‌ನ ಕಾಂಟೆಕ್ಸ್ಟ್ (ಅದು ಒಂದು ಸಲಕ್ಕೆ ಓದಬಲ್ಲಷ್ಟು ಜಾಗ) ತುಂಬಿಹೋಗುತ್ತದೆ. ಟೈಪ್, ಉದ್ದ, ಮೊದಲ ಕೆಲವು ಐಟಂ ಕೊಟ್ಟು, ಉಳಿದದ್ದನ್ನು ಕೇಳಿದಾಗ ಕೊಟ್ಟರಾಯಿತು.

ಪಾಸ್‌ವರ್ಡ್, ಟೋಕನ್‌ಗಳ ಬಗ್ಗೆ ನಾನು ರಾಜಿಯಾಗುವುದಿಲ್ಲ. ಅವನ್ನು ಮರೆಮಾಡುವುದು ಟೂಲ್‌ನ ಒಳಗೇ, ಮಾಡೆಲ್‌ಗೆ ಹೋಗುವ ಮೊದಲೇ ನಡೆಯಬೇಕು. ‘ಗುಟ್ಟಿನ ಮಾಹಿತಿ ನೋಡಬೇಡ’ ಎಂದು ಏಜೆಂಟ್‌ಗೆ ಹೇಳಿದರೆ ಸಾಲದು, ಅಷ್ಟರಲ್ಲಿ ಅದು ನೋಡಿ ಆಗಿರುತ್ತದೆ. ಜೊತೆಗೆ, ವೇರಿಯಬಲ್‌ನಲ್ಲಿ ಬಳಕೆದಾರರು ಟೈಪ್ ಮಾಡಿದ ಯಾವ ಮಾತಾದರೂ ಇರಬಹುದು. ಅದು ಡೇಟಾ, ಪಾಲಿಸಬೇಕಾದ ಸೂಚನೆಯಲ್ಲ ಎಂದು ಟೂಲ್ ಗುರುತು ಹಾಕಿ ಕೊಡಬೇಕು. ಆಗಲೂ ಏಜೆಂಟ್ ಮೋಸಹೋಗಬಹುದು. ಅದಕ್ಕೇ ಪ್ರೊಡಕ್ಷನ್‌ನಲ್ಲಿ (ಜನ ನಿಜವಾಗಿ ಬಳಸುವ ಸಿಸ್ಟಂನಲ್ಲಿ) ಏಜೆಂಟ್‌ಗೆ ಬರೆಯುವ ಅಧಿಕಾರ ಕೊಡಬೇಡಿ.

ದೊಡ್ಡ ಟೂಲ್‌ಗೆ ಕಾಯದೆ ಇವತ್ತೇ ಶುರು ಮಾಡಬೇಕೆಂದರೆ ಪೈಥಾನ್ ಕೋಡನ್ನು ಟೆಸ್ಟ್ ಮಾಡುವ ಪೈಟೆಸ್ಟ್‌ನ ‘ಶೋಲೋಕಲ್ಸ್’ ಆಯ್ಕೆ ಬಳಸಿ. ಟೆಸ್ಟ್ ಫೇಲಾದಾಗ ಫ್ರೇಮ್‌ಗಳ ಲೋಕಲ್ ವೇರಿಯಬಲ್‌ಗಳೂ ಟ್ರೇಸ್‌ಬ್ಯಾಕ್ ಜೊತೆಗೇ ಬರುತ್ತವೆ. ಉದ್ದದ ಮೌಲ್ಯಗಳನ್ನು ಅದು ಕತ್ತರಿಸಿ ತೋರಿಸುತ್ತದೆ. ಪೂರ್ತಿ ಬೇಕಿದ್ದರೆ ವರ್ಬೋಸ್ ಆಯ್ಕೆಯನ್ನು ಎರಡು ಸಲ ಕೊಡಿ.