ಸ್ವಲ್ಪ ದಿನಕ್ಕೆ ಅಂತ ಎಳೆದ ಗೆರೆ

ಕೊರಿಯಾದ ಗಡಿ ಅಂದರೆ ನಾವು ಎರಡು ಗೆರೆಗಳನ್ನು ಸುಮ್ನೆ ಒಂದೇ ಅಂದುಕೊಂಡುಬಿಡುತ್ತೇವೆ. ಈಗ ಮುಳ್ಳುತಂತಿ ಇರುವುದು 1953ರ ಕದನವಿರಾಮದ ಗೆರೆಯ ಅಕ್ಕಪಕ್ಕ. ಅದಕ್ಕೂ ಮೊದಲಿದ್ದದ್ದು 38ನೇ ಅಕ್ಷಾಂಶ. ಮನೆಗಳು ಒಡೆದ ಕಥೆ ಶುರುವಾಗುವುದು ಅಲ್ಲಿಂದ.

1910ರಿಂದ 35 ವರ್ಷ ಜಪಾನಿನ ಆಳ್ವಿಕೆ. 1945ರ ಆಗಸ್ಟ್‌ನಲ್ಲಿ ಜಪಾನ್ ಸೋಲುವ ಹೊತ್ತಿಗೆ, ವಾಷಿಂಗ್ಟನ್‌ನಲ್ಲಿ ಇಬ್ಬರು ಕರ್ನಲ್‌ಗಳ ಮುಂದೆ ಒಂದು ನಕಾಶೆ ಇತ್ತು. ಟೈಮ್ ಅರ್ಧ ಗಂಟೆ. ಜಪಾನಿ ಸೈನಿಕರು ಉತ್ತರದಲ್ಲಿ ಸೋವಿಯತ್ ಸೇನೆಗೆ, ದಕ್ಷಿಣದಲ್ಲಿ ಅಮೆರಿಕ ಸೇನೆಗೆ ಶರಣಾಗಲಿ ಅಂತ ಗೆರೆ ಆರಿಸಿದರು. ರಾಜಧಾನಿ ಸೋಲ್ ನಗರ ದಕ್ಷಿಣಕ್ಕೆ ಬಂತು, ಅಷ್ಟು ಸಾಕಿತ್ತು. ಕೊರಿಯನ್ನರನ್ನು ಯಾರೂ ಕೇಳಲಿಲ್ಲ.

ಅಕ್ಷಾಂಶಕ್ಕೆ ಹಳ್ಳ, ಗುಡ್ಡ ಗೊತ್ತಿರುವುದಿಲ್ಲ ಅಲ್ವಾ? 12 ನದಿ, 75ಕ್ಕೂ ಹೆಚ್ಚು ಹಳ್ಳ, 6 ರೈಲು ಮಾರ್ಗ ತುಂಡಾದವು. ಓಂಗ್‌ಜಿನ್ ಪರ್ಯಾಯ ದ್ವೀಪ ಲೆಕ್ಕಕ್ಕೆ ದಕ್ಷಿಣದ್ದು. ಆದರೆ ಅಲ್ಲಿಂದ ಸೋಲ್‌ಗೆ ನೆಲದ ಮೇಲೆ ಹೋಗಬೇಕಂದರೆ ಉತ್ತರವನ್ನು ಹಾಯಬೇಕು. ಕರೆಂಟು, ಗೊಬ್ಬರ ಉತ್ತರದಲ್ಲಿ. ಭತ್ತ ಜಾಸ್ತಿ ಬೆಳೆಯುವುದು ದಕ್ಷಿಣದಲ್ಲಿ. 1948ರ ಮೇ 14ರಂದು ಉತ್ತರದಿಂದ ಬರುತ್ತಿದ್ದ ಕರೆಂಟು ನಿಂತೇಹೋಯಿತು. ವಿಚಿತ್ರ ಅಂದರೆ, ಟಪಾಲು ನಿಲ್ಲಲಿಲ್ಲ. 1946ರಲ್ಲಿ ಶುರುವಾದ ಅಂಚೆ ಚೀಲಗಳ ವಿನಿಮಯ 1950ರ ಜೂನ್‌ವರೆಗೂ ನಡೆಯಿತು. ಮಗ ಬರಲಾಗದ ಮನೆಗೆ ಮಗನ ಕಾಗದ ಬರುತ್ತಿತ್ತು.

ಆಮೇಲೆ ಮೂರು ವರ್ಷ ಯುದ್ಧ. ಗೆರೆ ಜರುಗಿತು. ದಕ್ಷಿಣದಲ್ಲಿದ್ದ ಕೆಸಾಂಗ್ ಉತ್ತರಕ್ಕೆ ಸೇರಿತು, ಉತ್ತರದಲ್ಲಿದ್ದ ಸೊಕ್ಚೊ ದಕ್ಷಿಣಕ್ಕೆ. ಊರಿಗೆ ವಾಪಸ್ ಹೋಗಲೊಲ್ಲದ ಯುದ್ಧಕೈದಿಗಳ ವಿಚಾರ ನೋಡಿಕೊಂಡ ಆಯೋಗಕ್ಕೆ ಅಧ್ಯಕ್ಷರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. ಯಾವ ಕಡೆಯೂ ಬೇಡ ಅಂದ 80ಕ್ಕೂ ಹೆಚ್ಚು ಕೈದಿಗಳು 1954ರಲ್ಲಿ ಭಾರತಕ್ಕೆ ಬಂದರು.

ಸೊಕ್ಚೊದಲ್ಲಿ ಅಬಾಯ್ ಅನ್ನುವ ಕೇರಿ ಇದೆ. ಉತ್ತರದ ಹಮ್‌ಗ್ಯಾಂಗ್ ಸೀಮೆಯಿಂದ ಓಡಿಬಂದವರು ಕಟ್ಟಿಕೊಂಡದ್ದು. ಅವರ ಆಡುಮಾತಿನಲ್ಲಿ ಅಬಾಯ್ ಅಂದರೆ ಹಿರಿಯ, ಅಜ್ಜ. ಇನ್ನೇನು ಊರಿಗೆ ಹೊರಡುವುದೇ ಅಂತ ಕಡಲ ಮರಳಿನ ಮೇಲೆ ಗುಡಿಸಲು ಹಾಕಿದ್ದರು. ಮನೆಯವರನ್ನು ಒಮ್ಮೆ ನೋಡಬೇಕು ಅಂತ ದಕ್ಷಿಣದಲ್ಲಿ ಹೆಸರು ಬರೆಸಿದವರು 1,30,000ಕ್ಕೂ ಹೆಚ್ಚು. ಲಾಟರಿಯಲ್ಲಿ ಹೆಸರು ಬಂದವರಿಗಷ್ಟೇ ಭೇಟಿಯ ಅವಕಾಶ. ಅದೂ 2018ರ ಆಗಸ್ಟ್‌ಗೆ ನಿಂತಿತು. ಕೇರಿಯಿಂದ ಎದುರು ದಡಕ್ಕೆ, ಕೈಯಿಂದ ತಂತಿ ಎಳೆದು ದಾಟಿಸುವ ದೋಣಿ ಇನ್ನೂ ಇದೆ. ಈಗ ಅದರಲ್ಲಿ ಪ್ರವಾಸಿಗರೇ ಜಾಸ್ತಿ.