‘ಕನಿಷ್ಠ’ ಅಂತ ಬಂದರೆ ಯಾವ ಚಿಹ್ನೆ ಹಾಕಬೇಕು?

ಪ್ರಶ್ನೆ: ಲೆಕ್ಕದಲ್ಲಿ ‘ಕನಿಷ್ಠ’ ಅಂತ ಇದ್ದರೆ ≤ ಹಾಕಬೇಕು ಅಲ್ವಾ ಸರ್? ಉತ್ತರದಲ್ಲಿ ≥ ಕೊಟ್ಟಿದ್ದಾರೆ. ಪುಸ್ತಕದ ತಪ್ಪಾ?

ಪುಸ್ತಕ ಸರಿಯಾಗಿಯೇ ಇದೆ. ಈ ಪ್ರಶ್ನೆಗೆ ಎಷ್ಟನೇ ಸಲ ಉತ್ತರ ಬರೆಯುತ್ತಿದ್ದೇನೋ, ಎಣಿಸುವುದನ್ನು ಬಿಟ್ಟಿದ್ದೇನೆ.

ತಪ್ಪು ಎಲ್ಲಿ ಹುಟ್ಟುತ್ತದೆ ಅಂತ ಗೊತ್ತು. ಕನಿಷ್ಠ ಅಂದರೆ ಎಲ್ಲಕ್ಕಿಂತ ಚಿಕ್ಕದು ಎಂದು ಬಾಯಿಪಾಠ ಮಾಡಿರುತ್ತೀರಿ. ಚಿಕ್ಕದು ಅಂದ ಕೂಡಲೇ ಕೈ ‘ಕಡಿಮೆ’ ಚಿಹ್ನೆ ಬರೆದುಬಿಡುತ್ತದೆ. ಆದರೆ ಚಿಕ್ಕದು ಯಾವುದು?

ಬೆಂಗಳೂರಿನಲ್ಲಿ ಆಟೋ ಹತ್ತಿ. 2025ರ ಆಗಸ್ಟ್‌ನಿಂದ ಮೊದಲ 2 ಕಿಲೋಮೀಟರಿಗೆ ಮಿನಿಮಮ್ 36 ರೂಪಾಯಿ. ಒಂದೇ ಕಿಲೋಮೀಟರ್ ಹೋಗಿ 20 ಕೊಟ್ಟು ಇಳಿದು ನೋಡಿ. ‘ಮಿನಿಮಮ್ ಸಾರ್’ ಅಂತಾರೆ ಡ್ರೈವರ್. ನೀವೂ ತಕರಾರಿಲ್ಲದೆ ಇನ್ನೂ 16 ತೆಗೆದುಕೊಡುತ್ತೀರಿ. ಬಾಡಿಗೆಯನ್ನು ‘ಬ’ ಅಂದರೆ ಬ ≥ 36, ಅಂದರೆ ಬಾಡಿಗೆ 36 ಅಥವಾ ಅದಕ್ಕಿಂತ ಹೆಚ್ಚು. ಚಿಕ್ಕದು 36, ಬಾಡಿಗೆ ಅಲ್ಲ. ಆಟೋದಲ್ಲಿ ಇಷ್ಟು ಚೆನ್ನಾಗಿ ಗೊತ್ತಿದ್ದದ್ದು ನೋಟ್‌ಬುಕ್ ತೆರೆದ ಕೂಡಲೇ ಎಲ್ಲಿಗೆ ಹೋಗುತ್ತದೋ!

ಇನ್ನೂ ಅನುಮಾನವಾ? ವೋಟು ಹಾಕಲು ಕನಿಷ್ಠ 18 ವರ್ಷ. ≤ ಹಾಕಿದರೆ ನಿಮ್ಮ ಅಜ್ಜಿಯನ್ನು ಮನೆಗೆ ಕಳಿಸಿ ತಂಗಿಯನ್ನು ಮತಗಟ್ಟೆಗೆ ಕರೆದುಕೊಂಡು ಹೋಗಬೇಕಾಗುತ್ತದೆ. ಲಿಫ್ಟಿನ ‘ಗರಿಷ್ಠ 6 ಜನ’ ಇದರ ಉಲ್ಟಾ, ಅಲ್ಲಿ ≤. ಪದ ನೋಡಿ ಚಿಹ್ನೆ ಹಾಕಬೇಡಿ. ಒಂದು ಸಂಖ್ಯೆ ಇಟ್ಟು, ನಡೆಯುತ್ತಾ ಅಂತ ನೋಡಿ.

ಬಿಡಿಸುವುದು ಸುಲಭ. ಜೇಬಿನಲ್ಲಿ 100 ರೂಪಾಯಿ ಇದೆ, ಆಟೋದಲ್ಲಿ ಎಷ್ಟು ದೂರ ಹೋಗಬಹುದು? 2 ಕಿಲೋಮೀಟರ್ ದಾಟಿದ ಮೇಲೆ ಕಿಲೋಮೀಟರಿಗೆ 18. ದೂರ ‘ದ’ ಆದರೆ,

36 + 18(ದ − 2) ≤ 100
18(ದ − 2) ≤ 64
ದ − 2 ≤ 3.55 ಚಿಲ್ಲರೆ

ಅಂದರೆ ಸುಮಾರು ಐದೂವರೆ ಕಿಲೋಮೀಟರ್, ಸಿಗ್ನಲ್‌ನಲ್ಲಿ ನಿಂತ ವೇಟಿಂಗ್ ಬಿಟ್ಟು. ‘ಮೀಟರ್ ಮೇಲೆ ಇಪ್ಪತ್ತು’ ಅಂದರೆ ಎಡಗಡೆ 20 ಸೇರಿಸಿ. ಸವಾರಿ 4.4ಕ್ಕೇ ಮುಗಿಯುತ್ತದೆ. ಭಾಗಿಸಿದ್ದು 18ರಿಂದ, ಹಾಗಾಗಿ ಚಿಹ್ನೆ ತಿರುಗಲಿಲ್ಲ. −18 ಆಗಿದ್ದರೆ ತಿರುಗುತ್ತಿತ್ತು.

ಇನ್ನು ಚಿಹ್ನೆಯ ಕೆಳಗಿನ ಆ ಗೆರೆ. ಅದನ್ನು ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಸರಿಯಾಗಿ 36 ಕೊಟ್ಟವರನ್ನೂ ಒಳಗೆ ಬಿಡುವುದು ಆ ಗೆರೆಯೇ. < ಮತ್ತು > ಅಚ್ಚಾಗಿದ್ದು 1631ರಲ್ಲಿ, ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್ ತೀರಿಕೊಂಡು ಹತ್ತು ವರ್ಷದ ಮೇಲೆ ಬಂದ ಅವರ ಪುಸ್ತಕದಲ್ಲಿ. ಕೆಳಗೆ ಗೆರೆ ಬರಲು ಇನ್ನೂ ನೂರು ವರ್ಷ ಬೇಕಾಯಿತು. 1734ರಲ್ಲಿ ಫ್ರಾನ್ಸಿನ ಪಿಯೆರ್ ಬೂಗೆ ಅದನ್ನು ಬಳಸಿದರು. ಅವರು ಎಳೆದದ್ದು ಎರಡು ಗೆರೆ. ನಮ್ಮವರು ಒಂದನ್ನೇ ಮರೆತು ಅರ್ಧ ಅಂಕ ಕಳೆದುಕೊಳ್ಳುತ್ತಾರೆ.