ಕುಡಗೋಲು ತಾಗಿದ ಬೆರಳು

ಜನವರಿಯಲ್ಲಿ ತೊಗರಿ ಕೊಯ್ಲಿಗೆ ಅಂತ ಕಲಬುರಗಿ ಹತ್ತಿರದ ನಮ್ಮ ಹೊಲಕ್ಕೆ ಹೋಗಿದ್ದೆ. ತೊಗರಿ ಕಟ್ಟಿಗೆ ಗಟ್ಟಿ, ನನ್ನ ಕೈಗೆ ರೂಢಿ ಇಲ್ಲ. ಮೂರನೇ ಸಾಲಿಗೇ ಕುಡಗೋಲು ಜಾರಿ ಎಡಗೈ ತೋರುಬೆರಳಿನ ತುದಿ ಸೀಳಿತು. ಅವ್ವ ನೀರು ಹಾಕಿ ತೊಳೆದು, ಒಗೆದ ಬಟ್ಟೆ ಕಟ್ಟಿದಳು. "ಎಂಟು ದಿನಕ್ಕ ಕೂಡ್ತದ, ಹಕ್ಕಳಿ ಕೀಳಬ್ಯಾಡ" ಅಂದಳು. ಸಂಜೆ ಧನುರ್ವಾಯು ಇಂಜೆಕ್ಷನ್ನೂ ಆಯಿತು.

ಕೂಡ್ತದ, ಸರಿ. ಆದರೆ ಹೇಗೆ?

ಮೊದಲು ರಕ್ತ ಹೆಪ್ಪುಗಟ್ಟಿ ಗಾಯದ ಬಾಯಿ ಮುಚ್ಚುತ್ತದೆ. ಬಿಳಿ ರಕ್ತಕಣಗಳು ಬಂದು ಕ್ರಿಮಿಗಳನ್ನು ನುಂಗುತ್ತವೆ. ಇದು ಬಹಳ ಜನಕ್ಕೆ ಗೊತ್ತು. ನನಗೆ ಬೆರಗು ಆಮೇಲಿನದ್ದು.

ಚರ್ಮದ ಮೇಲ್ಪದರದ ತಳದಲ್ಲಿ ಒಂದು ಸಾಲು ಜೀವಕೋಶಗಳಿವೆ. ಗಾಯ ಇಲ್ಲದಿದ್ದರೂ ಅವು ಒಡೆದು ಎರಡಾಗುತ್ತಲೇ ಇರುತ್ತವೆ. ಹೊಸವು ಮೇಲೇರುತ್ತಾ ಸತ್ತು, ಸುಮಾರು ಒಂದು ತಿಂಗಳಿಗೆ ಉದುರುತ್ತವೆ. ಮೈ ತಿಕ್ಕಿದಾಗ ಬರುವ ಕೊಳೆಯಲ್ಲಿ ಇವೂ ಇರುತ್ತವೆ. ಗಾಯವಾದಾಗ ಅಂಚಿನ ಕೋಶಗಳು ಒಡೆಯುತ್ತಾ ಕೂರುವುದಿಲ್ಲ. ಪಕ್ಕದವುಗಳ ಹಿಡಿತ ಸಡಿಲಿಸಿ, ಚಪ್ಪಟೆಯಾಗಿ, ಹಕ್ಕಳೆಯ ಕೆಳಗೆ ತೆವಳುತ್ತವೆ. ಒಡೆಯುವ ಕೆಲಸ ಹೆಚ್ಚಾಗಿ ಹಿಂದಿನವುಗಳದ್ದು. ಇವು ಜಾಗ ಹಿಡಿಯುತ್ತವೆ, ಅವು ಸಂಖ್ಯೆ ಹೆಚ್ಚಿಸುತ್ತವೆ.

ಒಡೆಯುವ ಮುಂಚೆ ಕೋಶ, ವಂಶದ ಗುಣಗಳ ಮಾಹಿತಿ ಹೊತ್ತ ತನ್ನ 46 ಕ್ರೋಮೋಸೋಮ್‌ಗಳನ್ನೂ ನಕಲು ಮಾಡಿಕೊಳ್ಳುತ್ತದೆ. ಇದಕ್ಕೆ ಗಂಟೆಗಟ್ಟಲೆ ಬೇಕು. ಆಮೇಲೆ ನಡುವೆ ಸಾಲಾಗಿ ನಿಲ್ಲಿಸಿ, ಸಣ್ಣ ಎಳೆಗಳಿಂದ ಎರಡೂ ಕಡೆಗೆ ಎಳೆದು ಹಂಚುತ್ತದೆ. ಅದು ಸುಮಾರು ಒಂದು ಗಂಟೆಯ ಕೆಲಸ. ಅಣ್ಣತಮ್ಮಂದಿರ ಹೊಲದ ಪಾಲಿನ ಹಾಗಲ್ಲ ಇದು, ಇಬ್ಬರಿಗೂ ಪೂರ್ತಿ ಹೊಲವೇ ಸಿಗುತ್ತದೆ!

'ಒಡೆಯಿರಿ' ಅಂತ ಹೇಳುವ ಪ್ರೋಟೀನ್‌ಗಳೂ ಇವೆ. ಅಂಥದ್ದೊಂದು ಅಮೆರಿಕದ ವಿಜ್ಞಾನಿ ಸ್ಟ್ಯಾನ್ಲಿ ಕೊಹೆನ್ ಅವರಿಗೆ ಸಿಕ್ಕಿದ್ದು ಇಲಿಯ ಜೊಲ್ಲು ಗ್ರಂಥಿಯಲ್ಲಿ. ಅದನ್ನು ಚುಚ್ಚಿದ ಇಲಿಮರಿಗಳು ಬೇಗ ಕಣ್ಣು ಬಿಟ್ಟವು. 1986ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲಿತ್ತು. ಎರಡೂ ಕಡೆಯ ಕೋಶಗಳ ಮೈ ತಾಗಿದಾಗ ತೆವಳುವುದು ನಿಲ್ಲುತ್ತದೆ, ಒಡೆಯುವ ವೇಗವೂ ಇಳಿಯುತ್ತದೆ. ನನ್ನ ಪ್ರಕಾರ ಶುರು ಮಾಡುವುದಕ್ಕಿಂತ ಇದೇ ದೊಡ್ಡದು. ನಿಲ್ಲದೆ ಒಡೆಯುತ್ತಲೇ ಹೋದರೆ ಅದು ಕ್ಯಾನ್ಸರ್ ದಾರಿ, ಅಲ್ವಾ?

ಹಕ್ಕಳೆ ಕಿತ್ತರೆ ಅದರಡಿಯ ಎಳೇ ಪದರವೂ ಕಿತ್ತು ಬರಬಹುದು. ಅವ್ವ ಹೇಳಿದ್ದು ಸರಿ. ಆದರೆ 'ಗಾಳಿಗೆ ಬಿಡು, ಒಣಗಲಿ' ಅನ್ನುವ ಪಕ್ಕದ ಹೊಲದ ಕಾಕಾನ ಮಾತು ಅಷ್ಟು ಸರಿಯಲ್ಲ. ಮುಚ್ಚಿಟ್ಟು ತೇವ ಉಳಿಸಿದ ಗಾಯ ಬೇಗ ಕೂಡುತ್ತದೆ ಅಂತ 1962ರಲ್ಲೇ ಸಂಶೋಧಕ ಜಾರ್ಜ್ ವಿಂಟರ್ ಹಂದಿಗಳ ಮೇಲೆ ತೋರಿಸಿದ್ದರು. ಒಣ ಹಕ್ಕಳೆಯಡಿ ಕೋಶಗಳು ದಾರಿ ಕೊರೆದುಕೊಂಡು ಹೋಗಬೇಕು.

ಒಂಬತ್ತನೇ ದಿನ ಹಕ್ಕಳೆ ತಾನೇ ಬಿತ್ತು. ಮೇಲ್ಪದರ ಕೂಡಿತ್ತು. ಒಳಪದರದಲ್ಲಿ ಮಾತ್ರ ಹಳೆಯ ನೇಯ್ಗೆ ಬರಲಿಲ್ಲ, ಅವಸರಕ್ಕೆ ತುಂಬಿದ ಕೊಲಾಜನ್ ನಾರು ಬಿಳಿ ಗೆರೆಯಾಗಿ ಉಳಿದಿದೆ. ನನ್ನ ಫೋನ್ ಆ ಬೆರಳನ್ನು ಒಪ್ಪಲೇ ಇಲ್ಲ. ಹೊಸದಾಗಿ ಒತ್ತಿ ದಾಖಲಿಸಬೇಕಾಯಿತು.